ಆರ್ಕೇಡ್ ಕಂಟ್ರೋಲ್ ಪ್ಯಾನೆಲ್: ರಂಧ್ರ ಮೊದಲೋ, ಚಿತ್ರ ಮೊದಲೋ?

ಪ್ರಶ್ನೆ: ಮನೆಯಲ್ಲೇ ಆರ್ಕೇಡ್ ಪೆಟ್ಟಿಗೆ (ನಿಂತು ಆಡುವ ವಿಡಿಯೋ ಗೇಮ್ ಯಂತ್ರ) ಕಟ್ಟುತ್ತಿದ್ದೇನೆ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಹಳೆಯ ಮಾನಿಟರ್ ಸಿದ್ಧವಾಗಿವೆ. ಉಳಿದಿರುವುದು ಗುಂಡಿ, ಜಾಯ್‌ಸ್ಟಿಕ್ ಕೂರುವ ಹಲಗೆ, ಅಂದರೆ ಕಂಟ್ರೋಲ್ ಪ್ಯಾನೆಲ್. ಇಬ್ಬರು ಆಡುವಂತಿರಬೇಕು, ನೋಡಲೂ ಚೆನ್ನಾಗಿರಬೇಕು. ಮಾಡಿ ಅನುಭವವಿರುವವರು ದಯವಿಟ್ಟು ತಿಳಿಸಿ.

ಮೈಸೂರಿನಿಂದ: ಮೊದಲು ಆಟಗಳ ಪಟ್ಟಿ ಮಾಡಿಕೊಳ್ಳಿ ಸರ್. 1980ರ ಪ್ಯಾಕ್‌ಮನ್‌ಗೆ ನಾಲ್ಕು ದಿಕ್ಕಿನ ಜಾಯ್‌ಸ್ಟಿಕ್ ಒಂದೇ ಸಾಕು. 1991ರ ಸ್ಟ್ರೀಟ್ ಫೈಟರ್ 2ಕ್ಕೆ ಎಂಟು ದಿಕ್ಕು, ತಲೆಗೆ ಆರು ಗುಂಡಿ ಬೇಕು. ಎಂಟು ದಿಕ್ಕಿನ ಕೋಲಿನಲ್ಲಿ ಪ್ಯಾಕ್‌ಮನ್ ಆಡಿದರೆ ಕೈ ಸ್ವಲ್ಪ ಓರೆಯಾದರೂ ತಿರುವು ತಪ್ಪುತ್ತದೆ. ಜಪಾನಿನ ಸಾನ್ವಾ ಕಂಪನಿಯ ಜೆಎಲ್‌ಎಫ್‌ನಂತಹ ಕೋಲಿನ ಅಡಿಯಲ್ಲಿರುವ, ಅದರ ಓಡಾಟಕ್ಕೆ ಮಿತಿ ಹಾಕುವ ಚೌಕ ತಡೆಯನ್ನು ತಿರುಗಿಸಿ ಹಾಕಿದರೆ ಅದು ನಾಲ್ಕು ದಿಕ್ಕಿಗೆ ಸೀಮಿತವಾಗುತ್ತದೆ. ಇರುವ ಆಟಕ್ಕೆಲ್ಲ ಒಂದೇ ಪ್ಯಾನೆಲ್ ಎಂದು ಹೊರಟವರ ಹಲಗೆ ಗುಂಡಿಗಳ ಸಂತೆಯಾಗುವುದನ್ನು ನೋಡಿದ್ದೇನೆ. ಮರ ಮುಟ್ಟುವ ಮುನ್ನ ದಪ್ಪ ರಟ್ಟಿನಲ್ಲಿ ರಂಧ್ರ ಕೊರೆದು, ಗುಂಡಿ ಕೂರಿಸಿ, ಇಬ್ಬರು ಪಕ್ಕಪಕ್ಕದಲ್ಲಿ ನಿಂತು ಆಡಿ ನೋಡಿ. ಮೊಣಕೈ ತಾಗುತ್ತದೆಯೇ ಎಂಬುದು ಕಾಗದದ ಮೇಲೆ ಗೊತ್ತಾಗುವುದಿಲ್ಲ. 30 ಮಿ.ಮೀ. ಗುಂಡಿಗಳಿಗೆ ನಡುವಿನಿಂದ ನಡುವಿಗೆ 36 ಮಿ.ಮೀ. ಇಟ್ಟರೆ ಅಂಚುಗಳು ಒಂದಕ್ಕೊಂದು ತಾಗುವುದಿಲ್ಲ.

ಶಿವಮೊಗ್ಗದಿಂದ: 18 ಮಿ.ಮೀ. ಪ್ಲೈವುಡ್ ಗಟ್ಟಿ. ಆದರೆ ಒತ್ತಿ ಕೂರಿಸುವ ಗುಂಡಿಗಳು ತೆಳು ತಗಡಿಗೆ ಮಾಡಿದವು, ದಪ್ಪ ಮರದಲ್ಲಿ ಕಚ್ಚುವುದಿಲ್ಲ. ಉದ್ದ ಥ್ರೆಡ್ (ತಿರುಪಿನ ಗೆರೆ) ಇದ್ದು ಅಡಿಯಿಂದ ನಟ್ ಬಿಗಿಯುವಂಥವನ್ನೇ ಕೊಳ್ಳಿ. ಡ್ರಿಲ್ ಮಾಡುವಾಗ ಕೆಳಗೆ ರದ್ದಿ ಹಲಗೆಯೊಂದನ್ನು ಬಿಗಿಯಿರಿ. ಇಲ್ಲದಿದ್ದರೆ ಅಡಿಯ ಪದರ ಕಿತ್ತು ಬರುತ್ತದೆ.

ಬೆಂಗಳೂರಿನಿಂದ: ಚಿತ್ರದ ಬಗ್ಗೆ ಮಾತ್ರ ಹೇಳುತ್ತೇನೆ. ರಂಧ್ರಗಳ ಜಾಗ ಖಚಿತವಾದ ಮೇಲೆಯೇ ಚಿತ್ರ ಬರೆಯಿಸಿ. ಇಲ್ಲದಿದ್ದರೆ ನಾಯಕನ ಮೂಗಿನ ಮೇಲೆ ಗುಂಡಿ ಬರುತ್ತದೆ! ಅಂಗೈ ಕೂರುವ ಕಡೆ ಸರಳ ಬಣ್ಣ ಸಾಕು, ಅಲ್ಲಿ ಏನಿದ್ದರೂ ಯಾರಿಗೂ ಕಾಣುವುದಿಲ್ಲ. ವಿನೈಲ್ ಮೇಲೆ ಮುದ್ರಿಸಿ, ಅದರ ಮೇಲೆ 2 ಅಥವಾ 3 ಮಿ.ಮೀ. ಪಾಲಿಕಾರ್ಬೊನೇಟ್ ಹಾಳೆ ಹಾಕಿ. ಅಕ್ರಿಲಿಕ್ ಕೂಡ ಆಗುತ್ತದೆ, ಆದರೆ ಅವಸರದಲ್ಲಿ ಕೊರೆದರೆ ಸೀಳುತ್ತದೆ. ‘ಪ್ರಾರಂಭ’, ‘ನಾಣ್ಯ’ ಎಂದು ಕನ್ನಡದಲ್ಲಿ ಬರೆಯಿಸುವುದಾದರೆ ಅಕ್ಷರಗಳನ್ನು ಆಕೃತಿಗಳಾಗಿ (ಔಟ್‌ಲೈನ್) ಪರಿವರ್ತಿಸಿಯೇ ಮುದ್ರಣದ ಅಂಗಡಿಗೆ ಕಳುಹಿಸಿ. ಅವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಒತ್ತಕ್ಷರ ಕಳಚಿ ಪಕ್ಕಕ್ಕೆ ಬೀಳುತ್ತದೆ.

ರಾಮನಗರದಿಂದ: ಮುದ್ರಣವೇ ಬೇಡ ಎನ್ನುವವನು ನಾನು. ಒಂದೇ ಬಣ್ಣದ ಸನ್ಮೈಕಾ ಅಂಟಿಸಿ, ಒರೆಸಿದರೆ ಹೊಸದು. ಅಲಂಕಾರವೆಲ್ಲ ಕೋಲಿನ ತಲೆಯಲ್ಲಿರಲಿ. ಚನ್ನಪಟ್ಟಣದಲ್ಲಿ ಆಲೆಮರದ 35 ಮಿ.ಮೀ. ಗುಂಡು ಕಡೆಸಿ, ಅರಗಿನ ಬಣ್ಣ ಹಾಕಿಸಿಕೊಂಡೆ. ಒಳಗೆ ಎಂ6 (6 ಮಿ.ಮೀ. ತಿರುಪು) ಅಳತೆಯ ಥ್ರೆಡ್ ಇರುವ ಹಿತ್ತಾಳೆ ಕೊಳವೆ ಕೂರಿಸಿದರೆ ಸಾನ್ವಾ ಕೋಲಿಗೆ ನೇರ ತಿರುಗಿಸಬಹುದು. ಬಂದವರೆಲ್ಲ ಮೊದಲು ಅದನ್ನೇ ಹಿಡಿಯುತ್ತಾರೆ.

ಹುಬ್ಬಳ್ಳಿಯಿಂದ: ವೈರಿಂಗ್ ಯಾರೂ ಹೇಳಲಿಲ್ಲ. ಎಲ್ಲ ಗುಂಡಿಗಳ ಗ್ರೌಂಡ್ (ಎಲ್ಲಕ್ಕೂ ಸಾಮಾನ್ಯವಾದ ತಂತಿ) ಅನ್ನು ಒಂದರಿಂದ ಒಂದಕ್ಕೆ ಸರಪಳಿಯಾಗಿ ಎಳೆಯಿರಿ, ಅರ್ಧ ತಂತಿ ಉಳಿಯುತ್ತದೆ. ತಂತಿಯ ತುದಿಗೆ ಹಾಕುವ ಕ್ಲಿಪ್ ಕೊಳ್ಳುವಾಗ ಅಗಲ ನೋಡಿ: ಸಾನ್ವಾ ಗುಂಡಿಗೆ 2.8 ಮಿ.ಮೀ., ಅಮೆರಿಕನ್ ಮಾದರಿಗೆ ಸಾಮಾನ್ಯವಾಗಿ 4.8. ಗುಂಡಿಗಳನ್ನು ಪೈಗೆ ಜೋಡಿಸಲು ಆರ್ಡುಯಿನೋ ಎಂಬ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್ ಬಳಸುವುದಾದರೆ ಅದರ ಲಿಯೊನಾರ್ಡೊ ಮಾದರಿ ತೆಗೆದುಕೊಳ್ಳಿ, ಅದು ನೇರವಾಗಿ ಕೀಬೋರ್ಡ್‌ನಂತೆ ಕೆಲಸ ಮಾಡುತ್ತದೆ. ಪ್ಯಾನೆಲ್ಲಿಗೆ ಕೀಲು ಹಾಕಿ, ಪೂರ್ತಿ ಎತ್ತುವಷ್ಟು ತಂತಿ ಸಡಿಲ ಬಿಡಿ.