ಪದ ಬೇಕು (ಸಂಜೆಯೊಳಗೆ): ಆಂಟಿಬಯೋಟಿಕ್‌ಗೆ ಬಗ್ಗದ ರೋಗಾಣು, ‘ನಿರೋಧಕತೆ’ ಸರಿಯೇ?

ಇಂದ: ಅನುವಾದಕಿ, ತಿಪಟೂರು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರದಲ್ಲಿದ್ದೇನೆ.

ನವೆಂಬರ್ 18ರಿಂದ 24ರವರೆಗೆ ಔಷಧಿಗೆ ಜಗ್ಗದ ರೋಗಾಣುಗಳ ಬಗ್ಗೆ ಜಾಗೃತಿ ವಾರ ಇದೆಯಲ್ಲ, ಆಗ ನಮ್ಮೂರಲ್ಲಿ ಡೇರಿಗೆ ಹಾಲು ಹಾಕುವವರದೊಂದು ಸಭೆ. ಅದಕ್ಕಾಗಿ ಎಂಟು ಪುಟದ ಕೈಪಿಡಿ ಕನ್ನಡಕ್ಕೆ ತಂದಿದ್ದೇನೆ. ದೇಶದಲ್ಲಿ ಈ ಬಗ್ಗೆ ಏನೇನು ಸಂಶೋಧನೆ ನಡೆದಿದೆ ಅನ್ನೋದು ವಿಷಯ. ಆಸ್ಪತ್ರೆ, ಹೊಲ-ಕೊಟ್ಟಿಗೆ, ಸಮಾಜ ಅಂತ ಮೂರು ಭಾಗ. ಒಳಗೆಲ್ಲ ‘ಪ್ರತಿಜೀವಕ ನಿರೋಧಕತೆ’ ಅಂತ ಬರೆದಿದ್ದೆ.

ನಿನ್ನೆ ಪಕ್ಕದ ಮನೆಯ ಅಣ್ಣನಿಗೆ ಓದಲು ಕೊಟ್ಟೆ. ನಾಲ್ಕು ಹಸು ಕಟ್ಟಿದ್ದಾರೆ. ಮೊದಲ ಪುಟ ಓದಿ, “ನಿರೋಧಕ ಶಕ್ತಿ ಜಾಸ್ತಿ ಆದ್ರೆ ಒಳ್ಳೇದೇ ಅಲ್ವಾಮ್ಮ, ಅದಕ್ಯಾಕೆ ಸಭೆ?” ಅಂದರು. ನನಗೆ ಉತ್ತರ ಹೊಳೆಯಲಿಲ್ಲ.

ಫ್ಲೆಕ್ಸ್ ಅಂಗಡಿಯವನು 6 ಗಂಟೆಗೆ ಫೈಲ್ ಕೇಳಿದ್ದಾನೆ. ತಲೆಬರಹಕ್ಕೆ ಒಂದು ಸಾಲು ಹೇಳಿ.

ಇಂದ: ನಿವೃತ್ತ ಮೇಷ್ಟ್ರು, ಮೈಸೂರು

ನಿರೋಧಕತೆ ಆಮೇಲಾಯಿತು. ಮೊದಲು ‘ಪ್ರತಿಜೀವಕ’ವೇ ತಪ್ಪು. ‘ಆಂಟಿ’ ಕಂಡರೆ ‘ಪ್ರತಿ’, ‘ಬಯೋ’ ಕಂಡರೆ ‘ಜೀವ’, ಅಲ್ಲಿಗೆ ಕೆಲಸ ಮುಗಿಯಿತು ಅಂದುಕೊಂಡವರು ಮಾಡಿದ ಪದ ಅದು. ಜೀವಕ ಅಂದರೆ ಬದುಕಿಸುವವನು. ಬುದ್ಧನಿಗೆ ಚಿಕಿತ್ಸೆ ಮಾಡಿದ ವೈದ್ಯನ ಹೆಸರೂ ಜೀವಕ, ಮಗಧದ ಬಿಂಬಿಸಾರನಿಗೂ ಅವನೇ ವೈದ್ಯ. ಅಲ್ಲಿಗೆ ‘ಪ್ರತಿಜೀವಕ’ ಅಂದರೆ ಎದುರು ಅಂಗಡಿಯ ಡಾಕ್ಟರು! ‘ಜೀವನಿರೋಧಕ’ ಅಂತಲೂ ಕೆಲವರು ಬರೆಯುತ್ತಾರೆ. ಅದು ಜೀವಕ್ಕೇ ಅಡ್ಡ ನಿಲ್ಲುತ್ತದೆ. ‘ಜೀವಾಣುನಾಶಕ’ ಅನ್ನಿ.

ಇಂದ: ಲ್ಯಾಬ್ ಕೆಲಸದವಳು, ಮಂಗಳೂರು

ಮೇಷ್ಟ್ರೇ, ಎಲ್ಲ ಆಂಟಿಬಯೋಟಿಕ್‌ಗಳೂ ನಾಶ ಮಾಡೋದಿಲ್ಲ. ಟೆಟ್ರಾಸೈಕ್ಲಿನ್ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುತ್ತದೆ, ಅಷ್ಟೇ. ಉಳಿದದ್ದು ಮೈಯ ಕೆಲಸ. ‘ನಾಶಕ’ ಬೇಡ.

ಮೇಡಂ, ನಿಮ್ಮ ಪಕ್ಕದ ಮನೆಯವರು ಕೇಳಿದ್ದು ಸರಿ. ಕನ್ನಡದಲ್ಲಿ ‘ನಿರೋಧಕ’ ಅಂದ ಕೂಡಲೇ ‘ರೋಗನಿರೋಧಕ ಶಕ್ತಿ’ಯೇ ನೆನಪಾಗೋದು. ಅದು ನಮ್ಮ ಮೈಯದ್ದು, ಇರಬೇಕಾದದ್ದು. ಇಲ್ಲಿ ಎದುರು ನಿಲ್ಲುವುದು ರೋಗಾಣು. ನಮ್ಮಲ್ಲಿ ಕಲ್ಚರ್ ರಿಪೋರ್ಟಿನಲ್ಲಿ (ರೋಗಾಣು ಬೆಳೆಸಿ ಔಷಧಿ ಪರೀಕ್ಷಿಸಿದ ವರದಿ) ಔಷಧಿಯ ಹೆಸರಿನ ಮುಂದೆ ‘ಆರ್’, ಅಂದರೆ ರೆಸಿಸ್ಟೆಂಟ್, ಅಂತ ಬಂದರೆ ಆ ಔಷಧಿ ಕೆಲಸ ಮಾಡೋದಿಲ್ಲ ಅಂತ ಅರ್ಥ. ಅದನ್ನು ನೋಡಿ “ನನ್ನ ಮೈಯಲ್ಲಿ ರೆಸಿಸ್ಟೆನ್ಸ್ ಇದೆ, ಅಲ್ವಾ?” ಅಂತ ಖುಷಿಪಟ್ಟವರನ್ನು ನೋಡಿದ್ದೇನೆ. ಯಾವ ಪದ ಆರಿಸಿದರೂ ‘ರೋಗಾಣು’ ಅನ್ನುವ ಕರ್ತೃ ವಾಕ್ಯದಲ್ಲಿ ಇರಲಿ.

ಇಂದ: ಅಚ್ಚಗನ್ನಡದ ಗೆಳೆಯ, ಶಿರಸಿ

ಇಷ್ಟೆಲ್ಲ ಸಂಸ್ಕೃತ ಯಾಕೆ? ಮದ್ದು ಇದೆ. ತಮಿಳಿನಲ್ಲಿ ಮರುಂದು, ತೆಲುಗಿನಲ್ಲಿ ಮಂದು, ನಮ್ಮಲ್ಲಿ ಮದ್ದು. ರೋಗಾಣು ಮದ್ದಿಗೆ ಒಗ್ಗಿಹೋಗುತ್ತದೆ. ಹಾಗಾಗಿ ‘ಮದ್ದೊಗ್ಗಿಕೆ’. ಒಂದೇ ಪದ, ಚೊಕ್ಕ.

ಇಂದ: ನಿವೃತ್ತ ಮೇಷ್ಟ್ರು, ಮೈಸೂರು

ಮದ್ದೊಗ್ಗಿಕೆ! ಒಗ್ಗರಣೆ ಅಂತ ಓದಿಕೊಂಡೆ. ನಮ್ಮ ಕಡೆ ‘ಮದ್ದು ಹಾಕಿದರು’ ಅಂದರೆ ಊಟದಲ್ಲಿ ಕೈಮದ್ದು ಬೆರೆಸಿದರು ಅಂತ. ಮದ್ದುಗುಂಡಿನ ಮದ್ದೂ ಅದೇ. ಬೋರ್ಡಿಗೆ ಬೇಡ.

ಇಂದ: ಲ್ಯಾಬ್ ಕೆಲಸದವಳು, ಮಂಗಳೂರು

ಮದ್ದು ಅಂದರೆ ನಮ್ಮೂರಿನಲ್ಲಿ ಔಷಧಿಯೇ, ಯಾರೂ ಹೆದರೋದಿಲ್ಲ. ನನ್ನ ತಕರಾರು ‘ಒಗ್ಗಿಕೆ’ಯ ಮೇಲೆ. ಹೊಸ ಊರಿನ ನೀರಿಗೆ ನಾವು ಒಗ್ಗುತ್ತೇವಲ್ಲ, ರೋಗಾಣು ಹಾಗೆ ಒಗ್ಗೋದಿಲ್ಲ. ಕೋಟಿಗಟ್ಟಲೆ ಬ್ಯಾಕ್ಟೀರಿಯಾದಲ್ಲಿ ಮೊದಲೇ ಬೇರೆ ಥರ ಇರುವ ಕೆಲವು ಔಷಧಿಗೆ ಸಿಗದೆ ಉಳಿಯುತ್ತವೆ. ಮಿಕ್ಕವು ಸಾಯುತ್ತವೆ, ಜಾಗ ಖಾಲಿ, ಉಳಿದವು ತುಂಬಿಕೊಳ್ಳುತ್ತವೆ. ಸಾಲದ್ದಕ್ಕೆ ಔಷಧಿಯಿಂದ ಪಾರು ಮಾಡುವ ಜೀನನ್ನು ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟಿಸುತ್ತವೆ. ಒಗ್ಗಿಕೆಯಲ್ಲಿ ಈ ಕಥೆ ಇಲ್ಲ.

ಹೆಸರಿನ ಜಗಳ ನಮ್ಮೊಬ್ಬರದೇ ಅಲ್ಲ ಬಿಡಿ. ಎನ್‌ಡಿಎಂ-1 ಎಂಬ, ಬ್ಯಾಕ್ಟೀರಿಯಾ ತಯಾರಿಸುವ ಕಿಣ್ವ ಇದೆ, ಕಾರ್ಬಪೆನೆಮ್‌ನಂಥ ದೊಡ್ಡ ಔಷಧಿಯನ್ನೂ ಒಡೆದುಹಾಕುತ್ತದೆ. ಅದರ ‘ಎನ್‌ಡಿ’ ಅಂದರೆ ನ್ಯೂ ಡೆಲ್ಲಿ. 2010ರಲ್ಲಿ ಅದಕ್ಕೇ ನಮ್ಮ ದೇಶದಲ್ಲಿ ದೊಡ್ಡ ಗಲಾಟೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಆಸ್ಪತ್ರೆಗಳಲ್ಲಿ ಇಂಥ ರೋಗಾಣುಗಳ ಲೆಕ್ಕ ಇಡಲು ಜಾಲ ಶುರು ಮಾಡಿದ್ದು 2013ರಲ್ಲಿ.

ಇಂದ: ಕೃಷಿ ಬರಹಗಾರ, ಧಾರವಾಡ

ನಡುವೆ ಬಾಯಿ ಹಾಕುತ್ತೇನೆ. ಯಾರಾದರೂ ‘ಜಗ್ಗದ’ ಅಂತ ಬರೆಯುವ ಮೊದಲೇ ಹೇಳಿಬಿಡುತ್ತೇನೆ, ತಂಗಿ ಪ್ರಶ್ನೆಯಲ್ಲೇ ಬರೆದಾಗಿದೆ. ಇಲ್ಲಿ ಜಗ್ಗು ಅಂದರೆ ಎಳೆ. ಜಗ್ಗಿ ಅಂದರೆ ಬಹಳ. ಜಗ್ಗದ ರೋಗಾಣು ಅಂದರೆ ಹಗ್ಗ ಎಳೆಯದೆ ಸುಮ್ನೆ ನಿಂತ ರೋಗಾಣು. ‘ಬಗ್ಗದ’ ಅನ್ನಿ, ಎಲ್ಲ ಕಡೆ ನಡೆಯುತ್ತದೆ.

ಇನ್ನು ‘ಆಂಟಿಬಯೋಟಿಕ್’ ಇರಲೇಬೇಕು. ಯಾಕೆ ಅಂದರೆ, ದಾಳಿಂಬೆಗೆ ದುಂಡಾಣು ಅಂಗಮಾರಿ ಬಂದರೆ ಸ್ಟ್ರೆಪ್ಟೋಸೈಕ್ಲಿನ್ ಹೊಡೆಯುತ್ತಾ ಬಂದಿದ್ದಾರೆ. ಅದರಲ್ಲಿ ಇರುವುದು ಸ್ಟ್ರೆಪ್ಟೋಮೈಸಿನ್ ಮತ್ತು ಟೆಟ್ರಾಸೈಕ್ಲಿನ್. ಸ್ಟ್ರೆಪ್ಟೋಮೈಸಿನ್ ಅಂದರೆ ಕ್ಷಯಕ್ಕೆ ಸಿಕ್ಕ ಮೊದಲ ಆಂಟಿಬಯೋಟಿಕ್. ಆದರೆ ನಮ್ಮ ರೈತ ಹೇಳೋದು “ಎಣ್ಣಿ ಹೊಡೆದೆ” ಅಂತ. ಹುಳದ ಔಷಧಿಯೂ ಎಣ್ಣಿ, ಇದೂ ಎಣ್ಣಿ. ಕೃಷಿ ಇಲಾಖೆಗೆ ಬ್ಯಾಕ್ಟೀರಿಯಾ ‘ದುಂಡಾಣು’, ಪತ್ರಿಕೆಗೆ ‘ಸೂಕ್ಷ್ಮಾಣು’, ಡಾಕ್ಟರಿಗೆ ‘ಇನ್ಫೆಕ್ಷನ್’. ಹೊಲ, ಕೊಟ್ಟಿಗೆ, ಆಸ್ಪತ್ರೆ ಮೂರೂ ಕಡೆ ಇರುವುದು ಒಂದೇ ಸಾಮಾನು ಅಂತ ಗೊತ್ತಾಗದೆ ಇರೋದೇ ಈ ಪದಗಳಿಂದ. 2019ರಲ್ಲಿ ಕೇಂದ್ರ ಸರ್ಕಾರ ಕೋಳಿ, ಮೀನು, ದನಗಳಿಗೆ ಕೊಲಿಸ್ಟಿನ್ ನಿಲ್ಲಿಸಿತು. ಮನುಷ್ಯರಿಗೆ ಬೇರೆ ಏನೂ ಕೆಲಸ ಮಾಡದಿದ್ದಾಗ ಕೊಡುವ ಔಷಧಿ ಅದು. ಅದನ್ನು ಮೇವಿನಲ್ಲಿ ಬೆರೆಸುತ್ತಿದ್ದರು. ‘ಬೆಳವಣಿಗೆ ಪುಡಿ’ ಅಂದರೆ ಯಾರಿಗೆ ಅನುಮಾನ ಬರುತ್ತದೆ ಹೇಳಿ.

ಇಂದ: ಅಚ್ಚಗನ್ನಡದ ಗೆಳೆಯ, ಶಿರಸಿ

ಅಂದರೆ ಇಂಗ್ಲಿಷಿಗೆ ಶರಣು, ಅಲ್ವಾ? ಹೀಗೇ ಒಂದೊಂದಾಗಿ ಬಿಟ್ಟುಕೊಡಿ. ಜನ ‘ಇಂಜೆಕ್ಷನ್’ ಅನ್ನೋದಿಲ್ಲ, ‘ಸೂಜಿ ಹಾಕಿಸಿಕೊಂಡೆ’ ಅನ್ನುತ್ತಾರೆ. ಅಚ್ಚಗನ್ನಡ ಸಾಯುವುದು ನಮ್ಮಂಥ ಓದಿದವರಿಂದ.

ಇಂದ: ನಿವೃತ್ತ ಮೇಷ್ಟ್ರು, ಮೈಸೂರು

ಸೂಜಿ ತದ್ಭವ. ಮೂಲ ಸೂಚಿ. ಸಂಸ್ಕೃತ.

ಇಂದ: ಕೃಷಿ ಬರಹಗಾರ, ಧಾರವಾಡ

ನಮ್ಮಜ್ಜಿ ದವಾಖಾನೆಗೆ ಹೋಗಿ ಗುಳಿಗೆ ತರುತ್ತಿದ್ದಳು. ದವಾಖಾನೆ ಪಾರ್ಸಿ, ಗುಳಿಗೆ ಸಂಸ್ಕೃತ, ಕೆಮ್ಮು ಮಾತ್ರ ಕನ್ನಡ. ತಂಗಿಗೆ 6 ಗಂಟೆಗೆ ಫೈಲ್ ಕೊಡಬೇಕು, ಮಾರಾಯರೇ.

ಇಂದ: ಅನುವಾದಕಿ, ತಿಪಟೂರು

ಕೊಟ್ಟಾಯಿತು, ಅಣ್ಣಾ. ಐದೂ ಮುಕ್ಕಾಲಿಗೆ. ಫ್ಲೆಕ್ಸ್ ಮೇಲೆ ಹೀಗಿದೆ:

“ರೋಗಾಣುಗಳು ಆಂಟಿಬಯೋಟಿಕ್‌ಗೆ ಬಗ್ಗುತ್ತಿಲ್ಲ. ಕೆಚ್ಚಲು ಬಾವು ಬಂದರೆ ಡಾಕ್ಟರನ್ನು ಕೇಳದೆ ಆಂಟಿಬಯೋಟಿಕ್ ಟ್ಯೂಬ್ ಹಾಕಬೇಡಿ.”

ನಾಮಪದ ಸಿಗಲಿಲ್ಲ, ಕ್ರಿಯಾಪದದಲ್ಲೇ ಮುಗಿಸಿದೆ. ಕೈಪಿಡಿಯ ಒಳಗೆ ಮೊದಲ ಸಲ ಬಂದಾಗ ‘ಔಷಧಿಗೆ ಬಗ್ಗದಿರುವುದು’ ಅಂತ ಬಿಡಿಸಿ ಹೇಳಿ, ಆಮೇಲೆ ‘ಆಂಟಿಬಯೋಟಿಕ್ ಪ್ರತಿರೋಧ’ ಅಂತ ಹಾಕಿದ್ದೇನೆ. ಮೇಷ್ಟ್ರು ಕ್ಷಮಿಸಬೇಕು.

ಪಕ್ಕದ ಮನೆಯ ಅಣ್ಣನಿಗೆ ಓದಿ ಹೇಳಿದೆ. ಈ ಸಲ ಅರ್ಥವಾಯಿತು. ಆದರೆ ಅವರದ್ದೊಂದು ಹೊಸ ಪ್ರಶ್ನೆ: “ಹೋದ ತಿಂಗಳು ಟ್ಯೂಬ್ ಹಾಕಿಸಿದ ಮೇಲೆ ಹಾಲು ಹೆಪ್ಪೇ ಹಿಡೀಲಿಲ್ಲ, ಅದೂ ಇದೇನಾ?” ಅದು ಇದಲ್ಲ. ಹಾಲಿನಲ್ಲಿ ಔಷಧಿಯೇ ಉಳಿದು ಹೆಪ್ಪಿನ ಬ್ಯಾಕ್ಟೀರಿಯಾವನ್ನು ತಡೆದದ್ದು. ಕೈಪಿಡಿಯಲ್ಲಿ ಅದಕ್ಕೆ ‘ಔಷಧ ಶೇಷ’ ಅಂತ ಬರೆದಿದ್ದೇನೆ. ಸರಿಯೇ?

ಇಂದ: ನಿವೃತ್ತ ಮೇಷ್ಟ್ರು, ಮೈಸೂರು

ಶೇಷ ಅಂದರೆ ಜನ ಹಾವು ಅಂದುಕೊಳ್ಳುತ್ತಾರೆ. ಹೊಸ ಪದಕ್ಕೆ ಹೊಸ ಮೇಲ್ ಹಾಕಿ.

ಇಂದ: ಅಚ್ಚಗನ್ನಡದ ಗೆಳೆಯ, ಶಿರಸಿ

ಉಳಿಕೆ.