ಅಜ್ಜನ ರೇಡಿಯೋದ ಮ್ಯಾಗ್ನೆಟ್

‘ಮನಿ ಮಂದಿ’ ಗುಂಪು, ರವಿವಾರ ಮುಂಜಾನೆ

ಪ್ರಕಾಶ ದೊಡ್ಡಪ್ಪ, ಕೋಥ್ರೂಡ್: ಎಚ್ಚರಿಕೆ!! ಚೀನಾ ಎಲ್ಲಾ ಲೋಹಗಳನ್ನು ಬಂದ್ ಮಾಡಿದೆ!! 30 ದಿನಗಳಲ್ಲಿ ದೇಶದ ಎಲ್ಲಾ ಇ-ಸ್ಕೂಟರ್ ನಿಲ್ಲಲಿವೆ!! ಹತ್ತು ಜನರಿಗೆ ಕಳಿಸಿ 🙏

ಪ್ರಕಾಶ ದೊಡ್ಡಪ್ಪ: ಸಂಜು, ಪೆಟ್ರೋಲ್ ಗಾಡಿನೇ ತಗೋ ಅಂತ ನಾ ಅವತ್ತೇ ಹೇಳಿದ್ದೆ.

ವೀಣಾ, ಠಾಣೆ: ದೊಡ್ಡಪ್ಪ, ಯಾವ ಪೇಪರಿನ್ಯಾಗ ಬಂದದ್ರಿ ಇದು? ತಾರೀಖಿಲ್ಲ, ಹೆಸರಿಲ್ಲ. ಉಪ್ಪು ಸಿಗೂದಿಲ್ಲ ಅಂತ ಹಿಂಗ ಕಳಿಸಿದ್ರಿ. ನಮ್ಮ ಮನ್ಯಾಗ ಇನ್ನೂ ಆರು ಪಾಕೀಟು ಕುಂತಾವ.

ಪ್ರಕಾಶ ದೊಡ್ಡಪ್ಪ: ಉಪ್ಪಿನ ಮಾತು ಈಗ್ಯಾಕ?

ಸಂಜು, ಚಾಕಣ್: ದೊಡ್ಡಪ್ಪ, ಎಲ್ಲಾ ಲೋಹ ಅಲ್ಲ, ಪೂರಾ ಬಂದ್ ಸುದ್ದಾ ಅಲ್ಲ. 2025ರ ಏಪ್ರಿಲ್ 4ಕ್ಕ ಏಳು ವಿರಳ ಭೂ ಧಾತುಗಳಿಗೆ (ರೇರ್ ಅರ್ಥ್), ಅವು ಇರೋ ಮ್ಯಾಗ್ನೆಟ್‌ಗಳಿಗೆ ಚೀನಾ ರಫ್ತು ಲೈಸೆನ್ಸ್ ಕಡ್ಡಾಯ ಮಾಡ್ತು. ಡಿಸ್ಪ್ರೋಸಿಯಂ, ಟರ್ಬಿಯಂ ಅದರಾಗ ಬರ್ತಾವ. ಇ-ಸ್ಕೂಟರಿನ ಮೋಟರ್ ಬಿಸಿ ಆದಾಗ ಅದರಾಗಿನ ಮ್ಯಾಗ್ನೆಟ್ ಬಲ ಬಿಡಬಾರದಂತ ಅವನ್ನ ಚೂರು ಕೂಡಸ್ತಾರ. ಆದ್ರ ನಿಮ್ಮ ಕಾಳಜಿ ಸುಳ್ಳಲ್ಲ. ಆ ಬ್ಯಾಸಿಗ್ಯಾಗ ದಿನಾ ಮುಂಜಾನೆ ನಮ್ಮ ಕಾರ್ಖಾನಿ ಸ್ಟೋರಿಗೆ ಹೋಗಿ ಉಳದ ಮ್ಯಾಗ್ನೆಟ್ ಎಣಸೂದೇ ನನ್ನ ಕೆಲಸ ಆಗಿತ್ತು. ಹೊಸಾ ಮಾಲು ತರಸಬೇಕಂದ್ರ ಸೈನ್ಯದ ಕೆಲಸಕ್ಕ ಬಳಸೂದಿಲ್ಲ ಅಂತ ಬರಕೊಟ್ಟು, ದಿಲ್ಲಿ ಶಿಕ್ಕಾ, ಚೀನಾ ರಾಯಭಾರ ಕಚೇರಿ ಶಿಕ್ಕಾ, ಆಮ್ಯಾಲೆ ಅಲ್ಲಿಯ ಲೈಸೆನ್ಸ್.

ಪ್ರಕಾಶ ದೊಡ್ಡಪ್ಪ: ನಾ ಅದನ್ನೇ ಹೇಳಿದ್ದು.

ವೀಣಾ: ಇಲ್ರಿ, ನೀವು ಹೇಳಿದ್ದು ಬ್ಯಾರೆ. ಮ್ಯಾಲೆ ನೋಡ್ರಿ.

ಗಿರೀಶ ಕಾಕಾ, ಮಡಗಾಂವ್: ಮ್ಯಾಗ್ನೆಟ್ ಅಂದಕೂಡ್ಲೆ ಧಾರವಾಡದ ಹಿತ್ತಲ ನೆನಪಾತು. ದಾರಕ್ಕ ಕಟ್ಟಿ ಉಸುಕಿನ್ಯಾಗ ಎಳೀತಿದ್ವಿ. ಕರಿ ಪುಡಿ ಮೀಸಿ ಹಂಗ ಹತ್ತತಿತ್ತು.

ಪ್ರಕಾಶ ದೊಡ್ಡಪ್ಪ: ದೇಶದ ಮಾತು ನಡದಾಗ ಆಟದ ಸುದ್ದಿ ಬ್ಯಾಡ. ಆ ಮ್ಯಾಗ್ನೆಟ್ ಯಾರ ರೇಡಿಯೋದ್ದು, ಯಾರು ಬಿಚ್ಚಿದ್ರು, ಎಲ್ಲಾರಿಗೂ ಗೊತ್ತದ.

ಗಿರೀಶ ಕಾಕಾ: ಅಣ್ಣಾ, ಅಪ್ಪನ ರೇಡಿಯೋ ನಾ ಬಿಚ್ಚಿಲ್ಲ. ನಲವತ್ತು ವರ್ಷದಿಂದ ಹೇಳ್ಲಿಕತ್ತೇನಿ.

ವೀಣಾ: ಸಂಜು, ನಮ್ಮ ದೇಶದಾಗ ಆ ಮಣ್ಣು ಇಲ್ಲೇನು?

ಸಂಜು: ಅದ ಅಕ್ಕಾ. ಕೇರಳದ ಚವರ, ಒಡಿಶಾದ ಛತ್ರಪುರ, ಅಲ್ಲಿ ಸಮುದ್ರದ ಉಸುಕಿನ್ಯಾಗ ವಿರಳ ಧಾತು ಇರೋ ಮೊನಜೈಟ್ ಖನಿಜ ಅದ. ಅದರಾಗ ಅಣುಶಕ್ತಿಗೆ ಬೇಕಾದ ಥೋರಿಯಂ ಇರ್ತದಂತ ಸರಕಾರ ಅದನ್ನ ತನ್ನ ಕೈಯಾಗೇ ಇಟ್ಕೊಂಡದ. ಸುಧಾ ಅತ್ಯಾ, ನಿಮ್ಮ ಸಿದ್ಧಿವಿನಾಯಕನ ಗುಡಿ ಹತ್ರ ಐಆರ್‌ಇಎಲ್ ಆಫೀಸ್ ಅದ ನೋಡ್ರಿ, ಆ ಉಸುಕು ತೆಗಿಯೋ ಸರಕಾರಿ ಕಂಪನಿ ಅದೇ, 1950ರದ್ದು. ಈ ಮ್ಯಾಗ್ನೆಟ್‌ಗಳ ಮುಖ್ಯ ವಿರಳ ಧಾತು ನಿಯೋಡಿಮಿಯಂ ನಮ್ಮಲ್ಲಿ ಸಿಗ್ತದ, ಡಿಸ್ಪ್ರೋಸಿಯಂ ಭಾಳ ಕಡಿಮಿ. ಆದ್ರ ತೊಡಕು ಮಣ್ಣಿಂದಲ್ಲ. ಈ ಧಾತುಗಳನ್ನ ಒಂದರಿಂದ ಒಂದು ಬಿಡಿಸಿ ಶುದ್ಧ ಮಾಡೋ ಕೆಲಸ, ಜಗತ್ತಿನ್ಯಾಗ ಸುಮಾರು 90% ಚೀನಾದಾಗೇ ಆಗ್ತದ. ಅಮೆರಿಕಾದ ಮೌಂಟನ್ ಪಾಸ್ ವಿರಳ ಧಾತು ಗಣಿ ಸುದ್ದಾ 2002ರಾಗ ನಿಂತಿತ್ತು. 2010ರಾಗ ಜಪಾನಿಗೆ ಹೋಗೋ ಮಾಲು ಚೀನಾ ತಡದಾಗ ಜಪಾನಿನವರು ಆಸ್ಟ್ರೇಲಿಯಾದ ಕಂಪನಿಗೆ ರೊಕ್ಕ ಹಾಕಿ ಬ್ಯಾರೆ ದಾರಿ ಮಾಡಿಕೊಂಡ್ರು. ಅದನ್ನ ನೋಡಿ ನಾವು ಹದಿನೈದು ವರ್ಷ ಏನು ಮಾಡಿದ್ವಿ? ನನಗ ಸಿಟ್ಟು ಬರೂದು ಅಲ್ಲೇ.

ಸುಧಾ ಅತ್ಯಾ, ಪ್ರಭಾದೇವಿ: ಸಂಜು, ಭಾಳ ಉದ್ದ ಬರದಿ, ಆಮ್ಯಾಲೆ ಓದತೇನಿ. ಗಿರೀಶಂದು ತಪ್ಪಿಲ್ಲ. ರೇಡಿಯೋ ಬಿಚ್ಚಿದಾವ ಪ್ರಕಾಶಣ್ಣ. ಸ್ಕ್ರೂಡ್ರೈವರ್ ತಂದುಕೊಟ್ಟಾಕಿ ನಾನು.

ಗಿರೀಶ ಕಾಕಾ: ಸುಧಾಕ್ಕಾ!! ಪೆಟ್ಟು ನಾ ತಿಂದೆ. ಅವತ್ತ ನಿನ್ನ ಬಾಯಿಗೆ ಏನಾಗಿತ್ತು?

ಸುಧಾ ಅತ್ಯಾ: ಅಪ್ಪನ ಅಂಜಿಕಿ.

ಹತ್ತು ನಿಮಿಷ ಯಾರೂ ಏನೂ ಬರೀಲಿಲ್ಲ.

ಪ್ರಕಾಶ ದೊಡ್ಡಪ್ಪ: ಆ ಮ್ಯಾಗ್ನೆಟ್ ನನ್ನ ಕಪಾಟಿನ್ಯಾಗ ಅದ. ಸಂಜು, ಬಂದಾಗ ಅದು ಯಾವ ಜಾತಿದು ನೋಡಿ ಹೇಳು.

ಸಂಜು: ಕರ್ರಗ, ಉಂಗುರದ ಹಂಗ ಇದ್ರ ಫೆರೈಟ್, ದೊಡ್ಡಪ್ಪ. ಮುಖ್ಯವಾಗಿ ಕಬ್ಬಿಣದ ಆಕ್ಸೈಡ್. ವಿರಳ ಧಾತು ಬೇಕೇ ಆಗಿಲ್ಲ. ಈಗ ಅದರಿಂದನೇ ಮೋಟರ್ ಮಾಡ್ಲಿಕ್ಕೆ ನೋಡ್ಲಿಕತ್ತಾರ, ಆದ್ರ ಅಷ್ಟೇ ಬಲ ಬೇಕಂದ್ರ ಮೋಟರ್ ದೊಡ್ಡದಾಗ್ತದ, ತೂಕ ಏರ್ತದ.

ಗಿರೀಶ ಕಾಕಾ: ನೋಡಿ ಆದ ಮ್ಯಾಲೆ ನನಗ ಕಳಿಸು, ಸಂಜು. ಅದು ನಂದು.