ನನ್ನ ಟೀಮಿಗೇ ಯಾಕೆ ಇಂಥವರು ಬರ್ತಾರೆ?

ಅಡ್ಮಿನ್: ನಮ್ಮ ಗ್ರೂಪಿನ ಪ್ರಶ್ನೋತ್ತರಕ್ಕೆ ಕಳೆದ ಶನಿವಾರ ಹಲ್ಲಿನ ಡಾಕ್ಟರ್ ಇದ್ದರು, ಈ ಶನಿವಾರ ಗೇಮ್ ಎಂಜಿನಿಯರ್. ಆನ್‌ಲೈನ್ ಆಟಗಳಲ್ಲಿ ಯಾರನ್ನು ಯಾರ ಜೊತೆ ಸೇರಿಸಬೇಕು ಅಂತ ತೀರ್ಮಾನಿಸುವ ಮ್ಯಾಚ್‌ಮೇಕಿಂಗ್ ಇವರ ವಿಭಾಗ. ಹನ್ನೆರಡು ವರ್ಷದ ಅನುಭವ. ಮೊದಲು ಬೆಂಗಳೂರು, ಈಗ ಉಡುಪಿಯ ಮನೆಯಿಂದಲೇ ಕೆಲಸ. ದುಡ್ಡು ಕಟ್ಟಿ ಆಡುವ ಆಟಗಳ ಪ್ರಶ್ನೆ ಬೇಡ, ಅವನ್ನು 2025ರ ಕಾಯ್ದೆ ನಿಷೇಧಿಸಿದೆ. ಉಳಿದದ್ದು ಎಂತದೂ ಕೇಳಬಹುದು.

ಪ್ರಶ್ನೆ (ಸುರತ್ಕಲ್, ಎಂಜಿನಿಯರಿಂಗ್ ಓದುವವ): ಅಣ್ಣಾ, ವ್ಯಾಲೊರಂಟ್ ಅನ್ನುವ ಬಂದೂಕಿನ ಆಟದಲ್ಲಿ ಎರಡು ವರ್ಷದಿಂದ ಸಿಲ್ವರ್ ಅನ್ನುವ ಕೆಳಗಿನ ರ‍್ಯಾಂಕ್ ದಾಟಲಿಕ್ಕೆ ಆಗ್ತಾ ಇಲ್ಲ. ನಿನ್ನೆ ಸ್ಕೋರ್ 12-12. ಸ್ಪೈಕ್, ಅಂದರೆ ಬಾಂಬ್, ನನ್ನ ಕೈಯಲ್ಲಿ. ನಮ್ಮವನೊಬ್ಬ ಶುರುವಿನ ಜಾಗದಲ್ಲೇ ನಿಂತು ಗೋಡೆಗೆ ಗುಂಡು ಹೊಡೀತಾ ಇದ್ದ. ಯಾಕೆ ಅಂತ ಕೇಳಿದ್ರೆ ಮೂಡ್ ಇಲ್ಲ ಅಂದ. ಇನ್ನೊಬ್ಬ ಮೈಕ್ ಆನ್ ಇಟ್ಟು ಮಿಕ್ಸಿಯಲ್ಲಿ ಎಂತದೋ ಅರೀತಾ ಇದ್ದ. ಸೋತೆವು. ಒಳ್ಳೆಯವರೆಲ್ಲ ಎದುರು ಟೀಮಿಗೆ, ಇಂಥವರೆಲ್ಲ ನನಗೆ. ಇದು ಬೇಕಂತಲೇ ಮಾಡುವುದಾ?

ಉತ್ತರ: ಮಿಕ್ಸಿಯವನಿಗೆ ಕ್ಷಮೆ ಉಂಟು, ಮನೆಯಲ್ಲಿ ಹೇಳಿದ ಕೆಲಸ ಇರಬಹುದು. ಗೋಡೆಯವನಿಗೆ ಇಲ್ಲ.

ಮೊದಲು ಒಂದು ಸಣ್ಣ ಲೆಕ್ಕ. ಐದು ಜನರ ಟೀಮಿನಲ್ಲಿ ನೀವೊಬ್ಬರು. ಹಾಗಾಗಿ ನಿಮ್ಮ ಕಡೆ ಅಪರಿಚಿತರಿಗೆ ಇರುವುದು ನಾಲ್ಕು ಜಾಗ, ಎದುರು ಕಡೆ ಐದು. ಹತ್ತು ಜನರಲ್ಲಿ ಒಬ್ಬ ಆಟ ಕೆಡಿಸುವವ ಅಂತ ಸುಮ್ನೆ ಇಟ್ಟುಕೊಳ್ಳಿ. ನಿಮ್ಮ ಟೀಮಿನಲ್ಲಿ ಅಂಥವನೊಬ್ಬನಾದರೂ ಇರುವ ಸಾಧ್ಯತೆ ನೂರಕ್ಕೆ 34. ಎದುರು ಟೀಮಿನಲ್ಲಿ 41. ನೀವು ಸರಿಯಾಗಿ ಆಡುವವರಾದರೆ ಲೆಕ್ಕ ನಿಮ್ಮ ಕಡೆಗೇ ಇದೆ. ಆದರೆ ಎದುರಿನವ ಗೋಡೆಗೆ ಗುಂಡು ಹೊಡೆದದ್ದು ನಿಮಗೆ ಕಾಣುವುದಿಲ್ಲ. ಆವತ್ತು ನೀವು ಗೆದ್ದಿರುತ್ತೀರಿ, ಎಷ್ಟು ಚಂದ ಆಡಿದೆ ಅಂತ ಖುಷಿಯಲ್ಲಿ ಮಲಗಿರುತ್ತೀರಿ.

ಹಾಗಂತ ನಿಮ್ಮ ಸಿಟ್ಟು ಸುಳ್ಳಲ್ಲ. ಅದರ ಕಾರಣ ಬೇರೆ ಕಡೆ ಇದೆ.

ಆಟಗಾರನ ಬಲಕ್ಕೆ ಅಂಕ (ರೇಟಿಂಗ್) ಕೊಡಲಿಕ್ಕೆ ನಾವು ಬಳಸುವ ಲೆಕ್ಕದ ಮೂಲ ಚೆಸ್. ಅರ್ಪಾಡ್ ಎಲೋ ಅಂತ, ಅಮೆರಿಕದಲ್ಲಿದ್ದ ಹಂಗೇರಿ ಮೂಲದ ಭೌತಶಾಸ್ತ್ರದ ಮೇಷ್ಟ್ರು. ಅವರ ಪದ್ಧತಿಯನ್ನು ವಿಶ್ವ ಚೆಸ್ ಸಂಸ್ಥೆ ಫಿಡೆ 1970ರಲ್ಲಿ ಒಪ್ಪಿಕೊಂಡಿತು. ಇಬ್ಬರ ನಡುವೆ 200 ಪಾಯಿಂಟ್ ಅಂತರ ಇದ್ದರೆ ಆಟದ ಅಂಕಗಳಲ್ಲಿ ಮೇಲಿನವನಿಗೆ ನೂರಕ್ಕೆ ಸುಮಾರು 76 ಪಾಲು ಅನ್ನುತ್ತದೆ ಆ ಲೆಕ್ಕ. ಚೆಸ್‌ನಲ್ಲಿ ಸೋತರೆ ನೀವೇ ಸೋತದ್ದು, ದೂರಲಿಕ್ಕೆ ಪಕ್ಕದಲ್ಲಿ ಯಾರೂ ಇಲ್ಲ. ಟೀಮ್ ಆಟಕ್ಕೆ ಅದು ಸಾಲದು ಅಂತ ಮೈಕ್ರೋಸಾಫ್ಟ್‌ನ ಸಂಶೋಧಕರು ಟ್ರೂಸ್ಕಿಲ್ ಮಾಡಿದರು. 2005ರಲ್ಲಿ ಎಕ್ಸ್‌ಬಾಕ್ಸ್ 360 ಜೊತೆ ಬಂತು. ಅದರಲ್ಲಿ ಒಬ್ಬೊಬ್ಬರಿಗೂ ಎರಡು ಸಂಖ್ಯೆ: ಇವನ ಬಲ ಎಷ್ಟು, ಆ ಅಂದಾಜು ಎಷ್ಟು ಗಟ್ಟಿ. ಹೊಸಬನ ಅಂದಾಜು ಸಡಿಲ, ಅದಕ್ಕೇ ಹೊಸ ಖಾತೆಯ ರೇಟಿಂಗ್ ಒಂದೇ ವಾರದಲ್ಲಿ ಮೇಲೆ ಕೆಳಗೆ ಹಾರುತ್ತದೆ.

ಎಷ್ಟೇ ಸುಧಾರಿಸಿದರೂ ಮೂಲದಲ್ಲಿ ಅದು ನೋಡುವುದು ಸೋಲು ಗೆಲುವು. ಗೋಡೆಗೆ ಗುಂಡು ಹೊಡೆಯುವವ ಮೂಡ್ ಇದ್ದ ದಿನ ಚೆನ್ನಾಗಿಯೇ ಆಡುತ್ತಾನೆ. ಹಾಗಾಗಿ ಅವನೂ ಸಿಲ್ವರ್, ನೀವೂ ಸಿಲ್ವರ್. ಯಂತ್ರದ ಮಟ್ಟಿಗೆ ನೀವಿಬ್ಬರೂ ಒಂದೇ.

ಕಂಬಳ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತದೆ. ಹಗ್ಗ ಹಿರಿಯ, ಹಗ್ಗ ಕಿರಿಯ ಅಂತ ವಿಭಾಗ ಉಂಟಲ್ಲ? ಕಿರಿಯ ಕೋಣಗಳನ್ನು ಹಿರಿಯದರ ಎದುರು ಬಿಡುವುದಿಲ್ಲ. ರ‍್ಯಾಂಕ್ ಅಂದರೆ ಅಷ್ಟೇ, ಬೇರೆ ಎಂತದೂ ಇಲ್ಲ. ಆದರೆ ಜೋಡಿ ಕಟ್ಟುವುದು ಬೇರೆ ವಿದ್ಯೆ. ಎರಡು ಕೋಣಕ್ಕೂ ಒಂದೇ ವೇಗ ಇದ್ದರೆ ಸಾಲದು. ಒಂದು ಎಡಕ್ಕೆ ಎಳೆದು ಇನ್ನೊಂದು ಬಲಕ್ಕೆ ಎಳೆದರೆ ಓಡಿಸುವವ ಕೆಸರಲ್ಲಿ. ಯಜಮಾನ ದಿನಾ ನೋಡಿ, ಬದಲಿಸಿ, ಮತ್ತೆ ಓಡಿಸಿ ಜೋಡಿ ಮಾಡುತ್ತಾನೆ. ನಾವು ಮಾಡುವ ಪ್ರೋಗ್ರಾಮ್ ವಿಭಾಗ ಮಾಡುತ್ತದೆ. ಜೋಡಿ ಕಟ್ಟುವುದಿಲ್ಲ.

ಇನ್ನೊಂದು ತೊಂದರೆ ಸರಾಸರಿಯದ್ದು. 2000 ರೇಟಿಂಗ್‌ನ ಒಬ್ಬ, 1000ದ ನಾಲ್ವರು. ಸರಾಸರಿ 1200. ಎದುರು ಟೀಮಿನಲ್ಲಿ ಐವರೂ 1200ರವರು. ಕಾಗದದಲ್ಲಿ ಸಮ. ಆಡಿದಾಗ ಆ 2000ದವ ಬೊಬ್ಬೆ ಹಾಕ್ತಾನೆ, ನಾಲ್ವರು ಮೈಕ್ ಆಫ್ ಮಾಡ್ತಾರೆ. ಸ್ನೇಹಿತನನ್ನು ಎಳೆದುಕೊಂಡು ಬಂದ ಗುಂಪುಗಳಲ್ಲಿ ಇದು ಆಗುವುದು ಜಾಸ್ತಿ.

ಎಷ್ಟು ಹೊತ್ತಿಗೆ ಆಡ್ತೀರಿ?

ಸುರತ್ಕಲ್: ಹಾಸ್ಟೆಲ್ ಅಣ್ಣಾ. ಒಂದೂವರೆ, ಎರಡು ಗಂಟೆ ರಾತ್ರಿ.

ಉತ್ತರ: ಅಲ್ಲೇ ಉಂಟು ನೋಡಿ. ಮ್ಯಾಚಿಗಾಗಿ ಕ್ಯೂಗೆ ನಿಂತ ಕೂಡಲೇ ನಮ್ಮ ಪ್ರೋಗ್ರಾಮ್ ನಿಮ್ಮ ರೇಟಿಂಗ್‌ಗೆ ತೀರಾ ಹತ್ತಿರದವರನ್ನೇ ಹುಡುಕುತ್ತದೆ. ಸಿಗಲಿಲ್ಲವಾ, ಸ್ವಲ್ಪ ಸ್ವಲ್ಪವೇ ಬಲೆ ಅಗಲ ಮಾಡುತ್ತದೆ. ರಾತ್ರಿ ಒಂಬತ್ತಕ್ಕೆ ಜನ ತುಂಬಿರುತ್ತಾರೆ, ಸಣ್ಣ ಬಲೆಗೇ ಸಾಕಷ್ಟು ಮೀನು. ಎರಡು ಗಂಟೆಗೆ ನೀರೇ ಖಾಲಿ, ಬಲೆ ಅಗಲ ಆಗಿ ಸಿಕ್ಕಿದ್ದೆಲ್ಲ ಒಳಗೆ. ಸೋತ ಸಿಟ್ಟಲ್ಲಿ ತಕ್ಷಣ ಮತ್ತೆ ಕ್ಯೂ ಒತ್ತಬೇಡಿ. ಆ ಹೊತ್ತಿಗೆ ಕ್ಯೂಗೆ ಬರುವವರು ಅದೇ ಹತ್ತು ಜನ, ಎಲ್ಲರೂ ಅದೇ ಸಿಟ್ಟಲ್ಲಿ. ಎದ್ದು ನೀರು ಕುಡಿದು ಬನ್ನಿ.

ಪ್ರಶ್ನೆ (ಬಂಟ್ವಾಳ): ಸರ್, ಇದೆಲ್ಲ ಹೇಳ್ಲಿಕ್ಕೆ ಚಂದ. ಸ್ಕಿನ್ (ಪಾತ್ರ, ಬಂದೂಕುಗಳ ಅಲಂಕಾರ) ಮಾರ್ಲಿಕ್ಕೆ ಬೇಕಂತಲೇ ಸೋಲಿಸ್ತಾರೆ ಅಂತ ಎಲ್ಲರೂ ಹೇಳ್ತಾರಲ್ಲ?

ಉತ್ತರ: ಆ ಅನುಮಾನ ಆಕಾಶದಿಂದ ಬಿದ್ದದ್ದಲ್ಲ. ಆಟಗಾರರು ವಸ್ತು ಕೊಳ್ಳುವ ಹಾಗೆ ಮ್ಯಾಚ್ ಹೊಂದಿಸುವ ಉಪಾಯಕ್ಕೆ 2017ರಲ್ಲಿ ಆಕ್ಟಿವಿಷನ್ ಅನ್ನುವ ಗೇಮ್ ಕಂಪನಿಗೆ ಪೇಟೆಂಟ್ ಸಿಕ್ಕಿದ್ದು ನಿಜ. ಯಾವ ಆಟದಲ್ಲೂ ಅದನ್ನು ಹಾಕಿಲ್ಲ ಅಂತ ಕಂಪನಿ ಆಗ ಹೇಳಿತು. ನಾನು ಕೆಲಸ ಮಾಡಿದ ಕಡೆ ಅಂಥದ್ದು ಮಾಡಿಲ್ಲ. ಮಾಡುವಷ್ಟು ಪುರುಸೊತ್ತೂ ಇರಲಿಲ್ಲ ಮಾರಾಯ್ರೆ. ಕ್ಯೂ ಎರಡು ನಿಮಿಷ ದಾಟಿದರೆ ಬಾಸ್ ಫೋನ್ ಮಾಡ್ತಿದ್ದರು, ಅದನ್ನು ಇಳಿಸುವುದರಲ್ಲೇ ದಿನ ಹೋಗ್ತಿತ್ತು. ನಿಮ್ಮ ಕೆಟ್ಟ ಟೀಮ್‌ಮೇಟ್‌ಗಳಲ್ಲಿ ಅರ್ಧದಷ್ಟು ಜನ ಆ ಎರಡು ನಿಮಿಷದ ಮಕ್ಕಳು.

ಪ್ರಶ್ನೆ (ಮಣಿಪಾಲ): ನಾನು ಹುಡುಗಿ. ಮೈಕ್ ಆನ್ ಮಾಡಿ ಒಂದು ಮಾತು ಹೇಳಿದರೆ ಸಾಕು, ಅರ್ಧ ಜನ ಬೈತಾರೆ, ಉಳಿದವರು ಇನ್‌ಸ್ಟಾ ಐಡಿ ಕೇಳ್ತಾರೆ. ಮೈಕ್ ಆಫ್ ಇಟ್ಟರೆ ಮಾತಾಡದ ಟೀಮ್‌ಮೇಟ್ ಅಂತ ರಿಪೋರ್ಟ್. ನಾನು ಎಂತ ಮಾಡ್ಬೇಕು?

ಉತ್ತರ: ಇದನ್ನು ನಿಮ್ಮ ಸಮಸ್ಯೆ ಅಂತ ಬರೆದಿದ್ದೀರಿ, ಇದು ನಮ್ಮ ಕಸುಬಿನ ಸಮಸ್ಯೆ. 2019ರಲ್ಲಿ ಏಪೆಕ್ಸ್ ಲೆಜೆಂಡ್ಸ್ ಅನ್ನುವ ಆಟ ಬಂದಾಗ ಅದರ ಪಿಂಗ್ ವ್ಯವಸ್ಥೆ ಎಲ್ಲರ ಬಾಯಲ್ಲಿತ್ತು. ಒಂದು ಬಟನ್ ಒತ್ತಿದರೆ ಶತ್ರು ಇಲ್ಲಿ, ಬಂದೂಕು ಇಲ್ಲಿ, ನಾನು ಅಲ್ಲಿಗೆ ಹೋಗ್ತೇನೆ, ಎಲ್ಲ ಮಾತಿಲ್ಲದೆ ಗೊತ್ತಾಗುತ್ತದೆ. ಈಗ ಬೇರೆ ಆಟಗಳಲ್ಲೂ ಇದೆ. ಮೈಕ್ ಬೇಡದ ದಿನ ಅದನ್ನೇ ಧಾರಾಳ ಬಳಸಿ, ಆಟ ಶುರು ಆಗುವ ಮೊದಲೇ ಪಿಂಗ್ ಮಾಡ್ತೇನೆ ಅಂತ ಒಂದು ಸಾಲು ಟೈಪ್ ಮಾಡಿ. ಬೈದವನಿಗೆ ಉತ್ತರ ಕೊಡಬೇಡಿ, ಮ್ಯೂಟ್, ಆಮೇಲೆ ರಿಪೋರ್ಟ್. ರಿಪೋರ್ಟ್ ಕಸದ ಬುಟ್ಟಿಗೆ ಹೋಗುವುದಿಲ್ಲ. ಒಬ್ಬನ ಮೇಲೆ ಬೇರೆ ಬೇರೆ ಮ್ಯಾಚಿನಿಂದ ಬಂದ ದೂರು ಒಟ್ಟಾಗುತ್ತದೆ, ಡೋಟಾ 2 ಅನ್ನುವ ಆಟ ಅಂತೂ ಪ್ರತಿಯೊಬ್ಬನ ನಡತೆಗೆ ಬೇರೆಯೇ ಅಂಕ ಇಟ್ಟು, ಅಂಕ ಬಿದ್ದವರನ್ನು ಅಂಥವರ ಜೊತೆಗೇ ಸೇರಿಸುತ್ತದೆ. ಧ್ವನಿ ಬದಲಿಸುವ ಆಪ್ ಹಾಕಿಕೊಳ್ಳಿ ಅಂತ ಕೆಲವರು ಸಲಹೆ ಕೊಡ್ತಾರೆ. ನಾನು ಕೊಡುವುದಿಲ್ಲ. ಪಕ್ಕದವನ ಬಾಯಿ ಸರಿ ಇಲ್ಲ ಅಂತ ನೀವು ನಿಮ್ಮ ಸ್ವರ ಅಡಗಿಸುವುದು ಎಂತದು? ನಿಮ್ಮದೇ ಇಬ್ಬರು ಗೊತ್ತಿರುವವರು ಜೊತೆಗೆ ಇದ್ದರೆ ಈ ಕಾಟ ತುಂಬಾ ಕಡಿಮೆ ಆಗುತ್ತದೆ. ಕ್ಲಾಸಿನಲ್ಲಿ ಆಡುವ ಹುಡುಗಿಯರು ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇರುತ್ತಾರೆ, ಅವರೂ ಮೈಕ್ ಆಫ್ ಇಟ್ಟೇ ಆಡ್ತಾ ಇರ್ತಾರೆ ಅಷ್ಟೇ.

ಪ್ರಶ್ನೆ (ಕುಂದಾಪುರ, ತಾಯಿ): ಮಗ ಒಂಬತ್ತನೇ ಕ್ಲಾಸ್, ಬಿಜಿಎಂಐ ಅಂತ ಮೊಬೈಲಿನ ಬಂದೂಕಿನ ಆಟ ಆಡ್ತಾನೆ. ಊಟಕ್ಕೆ ಕರೆದರೆ ಬರುವುದಿಲ್ಲ, ಟೀಮಿನವರು ಬೈತಾರೆ ಅಂತಾನೆ. ನಾನು ವೈಫೈ ಆಫ್ ಮಾಡ್ತೇನೆ. ತಪ್ಪಾ?

ಉತ್ತರ: ಅಕ್ಕಾ, ಎಲ್ಲರೂ ಬೈಯುವ, ಆಟ ಅರ್ಧಕ್ಕೆ ಬಿಟ್ಟು ಹೋಗುವ ಟೀಮ್‌ಮೇಟ್ ನಿಮ್ಮ ಮಗನೇ ಇರಬಹುದು! ಆ ಆಟದಲ್ಲಿ ನಾಲ್ವರ ಸ್ಕ್ವಾಡ್. ಒಬ್ಬ ಮಾಯ ಆದರೆ ಉಳಿದ ಮೂವರ ಕಥೆ ಮುಗಿಯಿತು. ದೊಡ್ಡ ಮ್ಯಾಪಿನಲ್ಲಿ ಕೊನೆಯವರೆಗೆ ಉಳಿದರೆ ಒಂದು ಮ್ಯಾಚ್ ಅರ್ಧ ಗಂಟೆ. ಹಾಗಾಗಿ ಮಧ್ಯದಲ್ಲಿ ವೈಫೈ ತೆಗೆಯುವ ಬದಲು, ಎಂಟೂವರೆ ಮೇಲೆ ಹೊಸ ಮ್ಯಾಚ್ ಶುರು ಮಾಡುವ ಹಾಗಿಲ್ಲ ಅಂತ ಮೊದಲೇ ಹೇಳಿ. ಹದಿನೆಂಟರ ಒಳಗಿನವರಿಗೆ ದಿನಕ್ಕೆ 3 ಗಂಟೆ ಅಂತ ಆಟದಲ್ಲೇ ಮಿತಿ ಇದೆ. ಅವನು ಯಾರ ವಯಸ್ಸು ಹಾಕಿ ಲಾಗಿನ್ ಆಗಿದ್ದಾನೆ ಅಂತ ಒಮ್ಮೆ ನೋಡಿ. ಅಪರಿಚಿತರಿಗೆ ಫೋನ್ ನಂಬರ್, ಶಾಲೆಯ ಹೆಸರು ಕೊಡಬಾರದು, ಅದೊಂದು ಗಟ್ಟಿಯಾಗಿ ಹೇಳಿಡಿ.

ಪ್ರಶ್ನೆ (ಕಾರ್ಕಳ): ಮಳೆಗಾಲದಲ್ಲಿ ಕರೆಂಟ್ ಹೋಗಿ ಆಟದಿಂದ ಹೊರಗೆ ಬಿದ್ದರೂ ಪೆನಾಲ್ಟಿ ಹಾಕ್ತಾರೆ. ಇದು ನ್ಯಾಯವಾ?

ಉತ್ತರ: ಸಿಡಿಲು ಬಂದದ್ದು ಸರ್ವರ್‌ಗೆ ಕಾಣುವುದಿಲ್ಲ. ಅದಕ್ಕೆ ಕಾಣುವುದು ನೀವು ಹೋದದ್ದು ಮಾತ್ರ. ಪದೇ ಪದೇ ಆದರೆ ಶಿಕ್ಷೆ ಬೆಳೆಯುತ್ತದೆ. ರೂಟರ್‌ಗೆ ಸಣ್ಣ ಯುಪಿಎಸ್ ಇಡಿ, ಲ್ಯಾಪ್‌ಟಾಪ್ ಆದರೆ ಮೊಬೈಲ್ ಹಾಟ್‌ಸ್ಪಾಟ್ ಹಾಕಿ ಅದೇ ಮ್ಯಾಚಿಗೆ ವಾಪಸ್ ಬನ್ನಿ. ಗುಡುಗು ಹತ್ತಿರ ಕೇಳಿಸಿದರೆ ಪ್ಲಗ್ ತೆಗೆಯುವುದೇ ಸರಿ. ನನ್ನದೊಂದು ರೂಟರ್ ಹೋಗಿದೆ, ರ‍್ಯಾಂಕ್‌ಗಿಂತ ಅದು ದುಬಾರಿ.

ಪ್ರಶ್ನೆ (ಮಂಗಳೂರು, ಕದ್ರಿ): ನನಗೆ ತುಳು, ಕನ್ನಡ ಬಿಟ್ಟರೆ ಹಿಂದಿ ಅಷ್ಟಕ್ಕಷ್ಟೇ. ಟೀಮಿನಲ್ಲಿ ಎಲ್ಲರೂ ಹಿಂದಿ. ನಮ್ಮ ಊರಿನವರು ಸಿಗುವುದು ಹೇಗೆ?

ಉತ್ತರ: ಮೊದಲ ವಿಷಯ, ಆಟಕ್ಕೆ ಬೇಕಾದ ಮಾತು ಇಪ್ಪತ್ತು ಶಬ್ದ ದಾಟುವುದಿಲ್ಲ. ಎ, ಬಿ, ಮಿಡ್ ಅಂತ ಮ್ಯಾಪಿನ ಜಾಗಗಳು, ಮತ್ತೆ ಇಬ್ಬರು, ರೊಟೇಟ್ (ಜಾಗ ಬದಲಿಸು), ಸೇವ್ (ಬಂದೂಕು ಉಳಿಸಿಕೋ). ತಾಳಮದ್ದಳೆಯಲ್ಲಿ ಬೇರೆ ಬೇರೆ ಊರಿನ ಅರ್ಥಧಾರಿಗಳು ರಿಹರ್ಸಲ್ ಇಲ್ಲದೆ ಕೂತು ಬೆಳಗಿನವರೆಗೆ ಎಳೆಯುವುದಿಲ್ಲವಾ? ಪ್ರಸಂಗ ಎಲ್ಲರಿಗೂ ಗೊತ್ತಿರುತ್ತದೆ, ಅದಕ್ಕೆ. ಮ್ಯಾಪಿನ ಜಾಗಗಳ ಹೆಸರು ಬಾಯಿಪಾಠ ಮಾಡಿ, ಅರ್ಧ ಜಗಳ ಕಡಿಮೆ. ಸರ್ವರ್ ಪಟ್ಟಿಯಲ್ಲಿ ಮುಂಬೈ ಮಾತ್ರ ಇಟ್ಟುಕೊಳ್ಳಿ. ಮಂಗಳೂರಿನಿಂದ ನೇರ ದೂರ ಸುಮಾರು 700 ಕಿಲೋಮೀಟರ್. ಸಿಂಗಾಪುರ ಅದರ ನಾಲ್ಕು ಪಟ್ಟಿಗಿಂತ ಜಾಸ್ತಿ, ಸರ್ವರ್ ಉತ್ತರ ಬರುವುದು ತಡ ಆಗುತ್ತದೆ, ಭಾಷೆಯೂ ಇನ್ನೂ ದೂರ.

ಊರಿನವರು ಸಿಗುವ ಬಗ್ಗೆ ನನ್ನದೇ ಕಥೆ ಹೇಳ್ತೇನೆ. ಎರಡು ವರ್ಷದ ಹಿಂದೆ, ಇಂಥದ್ದೇ ಒಂದು ಅಪರಿಚಿತರ ಟೀಮ್. ಯಾರೂ ಮಾತಾಡ್ತಾ ಇಲ್ಲ. ನನ್ನ ಮೈಕ್ ಆನ್ ಇದ್ದದ್ದು ನನಗೆ ಗೊತ್ತಿಲ್ಲ. ಹಿಂದಿನಿಂದ ಅಮ್ಮ, "ಗಂಜಿ ತಣಿದು ಹೋಯ್ತು, ಬರ್ತೀಯಾ ಇಲ್ವಾ?" ಅಂತ ಜೋರಾಗಿ ಕೂಗಿದರು. ಎರಡು ಸೆಕೆಂಡ್ ಸುಮ್ನೆ. ಆಮೇಲೆ ಹೆಡ್‌ಫೋನಿನಲ್ಲಿ ಒಂದು ಸ್ವರ: "ಗಂಜಿಗೆ ಎಂತ ಮಾರಾಯ್ರೆ, ಚಟ್ನಿಯಾ ಉಪ್ಪಿನಕಾಯಿಯಾ?" ಮೂಡುಬಿದಿರೆಯವ. ಅಷ್ಟು ಹೊತ್ತು ಅವನೂ ಅರೆಬರೆ ಹಿಂದಿಯಲ್ಲಿ ಒದ್ದಾಡ್ತಾ ಇದ್ದ. ಆ ಮ್ಯಾಚ್ ಸೋತೆವು. ಸೋತ ಮೇಲೂ ಅವನು ಬೈಯಲಿಲ್ಲ, ಅದನ್ನು ನೋಡಿಯೇ ನಾನು ಫ್ರೆಂಡ್ ರಿಕ್ವೆಸ್ಟ್ ಕಳಿಸಿದ್ದು. ಈಗಲೂ ವಾರಕ್ಕೆ ಮೂರು ದಿನ ಒಟ್ಟಿಗೆ ಆಡ್ತೇವೆ.

ಹಾಗಾಗಿ ಗೆದ್ದ ಮ್ಯಾಚಿನ ಟಾಪ್ ಸ್ಕೋರರ್‌ಗೆ ರಿಕ್ವೆಸ್ಟ್ ಕಳಿಸಬೇಡಿ, ಅವನಿಗೆ ಅಂಥದ್ದು ಐವತ್ತು ಬಂದಿರುತ್ತದೆ. 3-9ರಲ್ಲಿ ಸೋಲ್ತಾ ಇರುವಾಗಲೂ ಯಾವನು ಸತ್ತ ಮೇಲೆ "ಬಿಯಲ್ಲಿ ಇಬ್ಬರು" ಅಂತ ಹೇಳಿ ಸುಮ್ಮನಾಗ್ತಾನೋ ಅವನಿಗೆ ಕಳಿಸಿ. ಹತ್ತು ಕಳಿಸಿದರೆ ಇಬ್ಬರು ಉಳಿಯುತ್ತಾರೆ. ಅಷ್ಟು ಸಾಕು.

(ಎರಡು ವಾರದ ನಂತರ)

ಸುರತ್ಕಲ್: ಅಣ್ಣಾ, ನೀವು ಹೇಳಿದ ಹಾಗೆ ಸೋತ ಮ್ಯಾಚಿನವರಿಗೇ ಕಳಿಸಿದೆ. ಟೈಮ್ ಕೂಡ ಒಂಬತ್ತಕ್ಕೆ ಬದಲಿಸಿದೆ. ಒಬ್ಬ ಪುತ್ತೂರಿನವ, ಒಬ್ಬ ಹುಬ್ಬಳ್ಳಿ, ಒಬ್ಬ ಕೇರಳದವ. ನಾಲ್ಕು ಜನ ಆದೆವು. ಈಗ ರ‍್ಯಾಂಕ್ಡ್ (ರ‍್ಯಾಂಕ್ ಲೆಕ್ಕಕ್ಕೆ ಬರುವ ಮ್ಯಾಚ್) ಒತ್ತಿದರೆ ನಾಲ್ವರನ್ನು ಒಳಗೆ ಬಿಡುವುದೇ ಇಲ್ಲ!

ಉತ್ತರ: ಹೌದು, ಅದೊಂದು ಹೇಳಲಿಕ್ಕೆ ಮರೆತೆ. ವ್ಯಾಲೊರಂಟ್ ರ‍್ಯಾಂಕ್ಡ್‌ನಲ್ಲಿ ಇಬ್ಬರು, ಮೂವರು, ಐವರು ಹೋಗಬಹುದು, ನಾಲ್ವರಿಗೆ ಇಲ್ಲ. ನಾಲ್ವರು ಸ್ನೇಹಿತರ ಮಧ್ಯೆ ಒಬ್ಬನೇ ಅಪರಿಚಿತ ಸಿಕ್ಕಿಕೊಂಡರೆ ಅವನ ಗತಿ ಎಂತ ಅಂತ ನೆನೆಸಿ. ಸ್ವಲ್ಪ ದಿನದ ಹಿಂದೆ ನೀವೂ ಒಂಟಿಯಾಗಿಯೇ ಆಡ್ತಾ ಇದ್ದಿರಿ ಅಲ್ವಾ?

ಸುರತ್ಕಲ್: ಹಾಗಾದರೆ ಐದನೆಯವ ಬೇಕು. ನೀವು ಬರ್ತೀರಾ?

ಉತ್ತರ: ನನ್ನ ರ‍್ಯಾಂಕ್ ನಿಮಗಿಂತ ಕೆಳಗೆ ಮಾರಾಯ್ರೆ, ಯಾರಿಗೂ ಹೇಳಬೇಡಿ. ಮೂಡುಬಿದಿರೆಯವನನ್ನು ಕೇಳಿ ನೋಡ್ತೇನೆ. ಗಂಜಿ ಆದ ಮೇಲೆ ಬರ್ತಾನೆ.